ಕುಗ್ಗದ ಪಾಪೆ

ಬಸ್ಸಿನ ಮೂತಿ ಮೇಲ್ಸೇತುವೆಯ ಕಂಬಕ್ಕೆ ಅಪ್ಪಳಿಸಿ ಒಳಕ್ಕೆ ಮಡಚಿಕೊಂಡಿತ್ತು. ರಸ್ತೆಯ ತುಂಬ ಗಾಜಿನ ಚೂರು. ಚೂರುಗಳ ನಡುವೆ ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಗುರುತಿನ ಚೀಟಿಯ ನೀಲಿ ದಾರಗಳು. ಬಟ್ಟೆ ಕಾರ್ಖಾನೆಯ ಬೆಳಗಿನ ಪಾಳಿಗೆ ಹೊರಟಿದ್ದ ಮೂವತ್ತೊಂದು ಹೆಂಗಸರು ಅದರಲ್ಲಿದ್ದರು. ಇಬ್ಬರು ಸ್ಥಳದಲ್ಲೇ ಸತ್ತಿದ್ದರು. ಒಬ್ಬಳು ಗುಂಡಿ ಹಚ್ಚುವವಳು, ಇನ್ನೊಬ್ಬಳು ಕಾಲರ್ ಹೊಲಿಯುವವಳು. ದಿನಾ ಒಂದೇ ಸೀಟಿನಲ್ಲಿ ಕೂತು ಬರುತ್ತಿದ್ದ ಗೆಳತಿಯರು.

ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದಾಗ ಏಳಕ್ಕೆ ಐದು ನಿಮಿಷ. ನಲವತ್ತರ ಹತ್ತಿರದ ಹೆಣ್ಣುಮಗಳು. ಮಾತು ಕಡಿಮೆ, ಕೋಪ ಜಾಸ್ತಿ ಎಂದು ಠಾಣೆಯಲ್ಲಿ ಹೆಸರು.

"ಎಷ್ಟು ಹೊತ್ತಿಗೆ ಆಯ್ತು?"

"ಆರು ನಲವತ್ತಕ್ಕೆ ಮೇಡಂ. ಒಳಗಿನ ಗಡಿಯಾರ ಅಲ್ಲೇ ನಿಂತಿದೆ," ಎಂದ ದಫೇದಾರ. "ರಸ್ತೆ ನೋಡಿ. ಬ್ರೇಕ್ ಒತ್ತಿದ ಗುರುತೇ ಇಲ್ಲ."

ನಿಜ. ಡಾಂಬರಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಬಸ್ಸು ನೇರವಾಗಿ ಬಂದು, ನಿಧಾನವಾಗಿ ಓರೆಯಾಗಿ, ಕಂಬಕ್ಕೆ ಹೋಗಿತ್ತು. ಚಾಲಕನ ಸೀಟಿನ ಕೆಳಗೆ ಒಂದು ಬಾಟಲಿ ಸಿಕ್ಕಿತು. ಗುಂಪಿನಲ್ಲಿದ್ದ ಒಬ್ಬ ಕೂಗಿದ: "ನೋಡ್ರೀ, ಕುಡಿದಿದ್ದ! ಬಡ್ಡೀಮಗ ಕುಡಿದಿದ್ದ!"

ಇನ್‌ಸ್ಪೆಕ್ಟರ್ ಬಾಟಲಿಯನ್ನು ಮೂಸಿದಳು. ಕೆಮ್ಮಿನ ಸಿರಪ್ಪು. ಅರ್ಧ ಖಾಲಿ.

"ಚಾಲಕ?"

"ಕಾಲು ಮುರಿದಿದೆ. ಆಸ್ಪತ್ರೆಗೆ ಸಾಗಿಸಿದ್ದೀವಿ. ಕೈಗೆ ಕೋಳ ಹಾಕಿಯೇ ಕಳಿಸಿದೆ."

ಏಳೂ ಮುಕ್ಕಾಲಿಗೆ ಬಸ್ ಕಂಪನಿಯ ಕಾರು ಬಂತು. ಇಳಿದವನು ಕಂಪನಿಯ ಸುರಕ್ಷತಾ ಅಧಿಕಾರಿ. ಚಾಲಕರ ಬಾಯಲ್ಲಿ ಸೇಫ್ಟಿ ಸಾರ್. ಐವತ್ತೆಂಟರ ವಯಸ್ಸು, ಮೆತ್ತಗಿನ ದನಿ, ಇಸ್ತ್ರಿ ಕೆಡದ ಅಂಗಿ. ಗಾಯಾಳುಗಳಿಗೆ ನೀರಿನ ಬಾಟಲಿ ಹಂಚಿದ. ಸತ್ತವರ ಮೇಲೆ ತನ್ನ ಕಾರಿನಲ್ಲಿದ್ದ ಶಾಲು ತಂದು ಹೊದಿಸಿದ. ಕಣ್ಣೊರೆಸಿಕೊಂಡ. ಆಮೇಲೆ ಇನ್‌ಸ್ಪೆಕ್ಟರ್ ಕೈಗೆ ಒಂದು ಹಾಳೆ ಕೊಟ್ಟ.

"ನಮ್ಮ ಡಿಪೋ ಗೇಟಿನಲ್ಲಿ ಕಣ್ಣಿನ ಯಂತ್ರ ಇದೆ ಮೇಡಂ. ಚಾಲಕ ಮುಖ ಇಟ್ಟರೆ ಒಳಗೆ ಬೆಳಕು ಮಿಂಚುತ್ತೆ. ಪಾಪೆ ಎಷ್ಟು ಬೇಗ, ಎಷ್ಟು ಕುಗ್ಗಿತು ಅಂತ ಅಳೆಯುತ್ತೆ. ನಿದ್ದೆಗೆಟ್ಟಿದ್ದರೆ, ಕುಡಿದಿದ್ದರೆ ಪಾಪೆ ಸೋಮಾರಿ ಆಗುತ್ತೆ, ಕೆಂಪು ದೀಪ ಬರುತ್ತೆ. ಇವನಿಗೆ ಇವತ್ತು ಹಸಿರು ಬಂದಿದೆ. ನೋಡಿ."

ಹಾಳೆಯಲ್ಲಿ ಎರಡು ಗೆರೆ. ಎಡಗಣ್ಣಿನದು, ಬಲಗಣ್ಣಿನದು. ಎರಡೂ ಒಂದೇ ರೀತಿ ಕೆಳಗಿಳಿದು ಮೇಲೆ ಬಂದಿದ್ದವು.

"ಅಂದರೆ?"

"ಗೇಟು ದಾಟುವಾಗ ಸರಿಯಾಗಿದ್ದ. ಆಮೇಲೆ ಏನು ಕುಡಿದನೋ, ಫೋನು ನೋಡಿದನೋ. ಮನುಷ್ಯ ಸುಳ್ಳು ಹೇಳಬಹುದು ಮೇಡಂ. ಯಂತ್ರ ಹೇಳಲ್ಲ."

ಇನ್‌ಸ್ಪೆಕ್ಟರ್ ಹಾಳೆಯನ್ನು ಮಡಚಿ ಜೇಬಿಗಿಟ್ಟಳು.

*

ಆಸ್ಪತ್ರೆಯ ಮಂಚದ ಸರಳಿಗೆ ಚಾಲಕನ ಬಲಗೈಯನ್ನು ಕೋಳದಿಂದ ಬಿಗಿದಿದ್ದರು. ಮೂವತ್ತನಾಲ್ಕು ವರ್ಷದವನು. ರಕ್ತಪರೀಕ್ಷೆಯ ಚೀಟಿ ಆಗಲೇ ಬಂದಿತ್ತು. ಮದ್ಯದ ಹನಿಯೂ ಇಲ್ಲ. ಸಿರಪ್ಪು ಮಕ್ಕಳಿಗೂ ಕೊಡುವಂಥದ್ದು, ನಿದ್ದೆ ತರುವುದಲ್ಲ ಎಂದು ನರ್ಸ್ ಹೇಳಿದಳು.

"ಎಷ್ಟು ಹೊತ್ತು ಮಲಗಿದ್ದೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಎರಡೂವರೆ ಗಂಟೆ ಮೇಡಂ. ನಿನ್ನೆ ಹಗಲು ಪಾಳಿ ನಂದೇ. ಸಂಜೆ ಪಾಳಿಯವನು ಬರಲಿಲ್ಲ, ಅದನ್ನೂ ನನ್ನ ತಲೆಗೇ ಕಟ್ಟಿದರು. ಬೆಳಿಗ್ಗೆ ಮತ್ತೆ ಕರೆದರು."

"ಹಾಗಿದ್ದೂ ಯಂತ್ರದಲ್ಲಿ ಹಸಿರು ಬಂತಲ್ಲ?"

ಅವನು ತಲೆ ಎತ್ತಿದ. "ಯಾರು ಹೇಳಿದ್ದು? ಕೆಂಪು ಬಂತು ಮೇಡಂ! ನನ್ನ ಜೀವಮಾನದಲ್ಲಿ ಮೊದಲ ಸಲ ಕೆಂಪು. ಹೋಗಲ್ಲ ಅಂದೆ. ಗೇಟಿನ ಹುಡುಗಿ ಒಳಗೆ ಹೋಗಿ ಕೇಳಿಕೊಂಡು ಬಂದಳು. ಹೋಗಬೇಕಂತೆ ಅಣ್ಣಾ, ಕಾರ್ಖಾನೆಗೆ ತಡ ಆಗುತ್ತಂತೆ, ಅಂದಳು."

"ಹೇಳಿದ್ದು ಯಾರಂತೆ?"

"ಹೆಸರು ಹೇಳಲಿಲ್ಲ. ಒಳಗೆ ಮ್ಯಾನೇಜರ್ ರೂಮೂ ಇದೆ, ಸೇಫ್ಟಿ ಸಾರ್ ರೂಮೂ ಇದೆ." ಅವನು ಕೋಳವಿದ್ದ ಕೈಯನ್ನು ಎಳೆದುಕೊಂಡ. "ಎಷ್ಟು ಜನ ಮೇಡಂ? ನನಗೆ ಯಾರೂ ಹೇಳ್ತಾ ಇಲ್ಲ."

ಇನ್‌ಸ್ಪೆಕ್ಟರ್ ಹೇಳಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಅಷ್ಟರಲ್ಲಿ ಎಳೆಯ ಡಾಕ್ಟರೊಬ್ಬ ಓಡುನಡಿಗೆಯಲ್ಲಿ ಬಂದ. "ಇವನನ್ನು ತಕ್ಷಣ ಸ್ಕ್ಯಾನಿಗೆ ಕರಕೊಂಡು ಹೋಗಬೇಕು. ಎಡಗಣ್ಣಿನ ಪಾಪೆ ಬೆಳಕಿಗೆ ಅಲುಗಾಡ್ತಾನೇ ಇಲ್ಲ. ತಲೆಯೊಳಗೆ ರಕ್ತ ಸೋರ್ತಿರಬಹುದು."

ಮಂಚದ ತುದಿಯಲ್ಲಿ ಕೂತಿದ್ದ ಹೆಂಗಸು ಎದ್ದಳು. ಚಾಲಕನ ಅಕ್ಕ. ಶಾಲೆಯಲ್ಲಿ ಅಡುಗೆ ಮಾಡುವವಳು, ಕೈಯಲ್ಲಿ ಇನ್ನೂ ಮಸಿ ಇತ್ತು.

"ಅಯ್ಯೋ ಡಾಕ್ಟ್ರೇ, ಅದು ಇವತ್ತಿನದಲ್ಲ. ಒಂಬತ್ತು ವರ್ಷದವನಿದ್ದಾಗ ಎಡಗಣ್ಣಿಗೆ ಚೆಂಡು ಬಡಿದಿತ್ತು. ದೃಷ್ಟಿ ಉಳೀತು, ಪಾಪೆ ಮಾತ್ರ ಅವತ್ತಿಂದ ದೊಡ್ಡದಾಗೇ ಇದೆ. ಎಷ್ಟೇ ಬಿಸಿಲಿದ್ದರೂ ಕುಗ್ಗಲ್ಲ. ಚಿಕ್ಕವನಿದ್ದಾಗ ಬೆಕ್ಕು ಅಂತ ರೇಗಿಸ್ತಿದ್ವಿ."

ಇನ್‌ಸ್ಪೆಕ್ಟರ್ ಟಾರ್ಚ್ ತೆಗೆದಳು. ಮೊದಲು ಬಲಗಣ್ಣಿಗೆ ಬಿಟ್ಟಳು. ಪಾಪೆ ಚಿಕ್ಕದಾಯಿತು. ಎಡಗಣ್ಣಿಗೆ ಬಿಟ್ಟಳು. ಬಾವಿಯ ಹಾಗೆ ಕಪ್ಪಗೆ, ಅಗಲವಾಗಿ ನೋಡುತ್ತಲೇ ಇತ್ತು.

ಜೇಬಿನ ಹಾಳೆ ಬಿಚ್ಚಿದಳು. ಎರಡು ಗೆರೆ. ಎರಡೂ ಕೆಳಗಿಳಿದಿದ್ದವು.

"ದಫೇದಾರ್ರೇ," ಅವಳ ದನಿ ತಣ್ಣಗಿತ್ತು. "ಇದು ಇವನ ಕಣ್ಣಲ್ಲ."

*

ಡಿಪೋದಲ್ಲಿ ಮ್ಯಾನೇಜರ್ ಕುರ್ಚಿ ಬಿಟ್ಟು ಏಳಲಿಲ್ಲ. ಐವತ್ತೈದರ ದಢೂತಿ ಆಸಾಮಿ.

"ಕೋರ್ಟಿನ ಕಾಗದ ಇದೆಯೇನ್ರೀ? ನಮ್ಮ ದಾಖಲೆ ನಿಮಗ್ಯಾಕೆ ಕೊಡಬೇಕು? ಆ ಕುಡುಕನನ್ನು ಒಳಗೆ ಹಾಕಿ ಮುಗಿಸಿ."

"ಅವನು ಕುಡಿದಿರಲಿಲ್ಲ."

"ಏನೋ ಒಂದು ಮಾಡಿದ್ದ!"

"ಇಬ್ಬರು ಹೆಂಗಸರ ಹೆಣ ಶವಾಗಾರದಲ್ಲಿದೆ," ಎಂದಳು ಇನ್‌ಸ್ಪೆಕ್ಟರ್. "ಇನ್ನೊಂದು ಸಲ ಏನೋ ಒಂದು ಅಂದರೆ, ಸಾಕ್ಷ್ಯ ಮುಚ್ಚಿಟ್ಟ ಮೊದಲ ಹೆಸರು ನಿಮ್ಮದೇ ಬರೀತೀನಿ. ಏಳಿ."

ಅವನು ಎದ್ದ.

ಯಂತ್ರದ ಕೋಣೆ ಗೇಟಿನ ಪಕ್ಕದಲ್ಲೇ ಇತ್ತು. ಒಂದು ಮೇಜು, ಅದರ ಮೇಲೆ ದುರ್ಬೀನಿನ ಥರದ ಎರಡು ಗೂಡಿನ ಯಂತ್ರ, ಪಕ್ಕದಲ್ಲಿ ಪರದೆ. ಅದನ್ನು ನಡೆಸುವ ಹುಡುಗಿಗೆ ಇಪ್ಪತ್ತನಾಲ್ಕು ವರ್ಷ. ಕೈಯಲ್ಲಿದ್ದ ಕರ್ಚೀಫನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು.

"ಬೆಳಿಗ್ಗೆ ಅವನಿಗೆ ಯಾವ ದೀಪ ಬಂತಮ್ಮ?"

"ಹಸಿರು ಮೇಡಂ." ಕಣ್ಣು ನೆಲದ ಮೇಲೆ.

"ಅವನ ಹಳೆಯ ಪರೀಕ್ಷೆಗಳನ್ನು ತೆಗಿ."

ಯಂತ್ರ ಬಂದು ಎರಡು ತಿಂಗಳಾಗಿತ್ತು. ಆ ಚಾಲಕನ ಹೆಸರಿನಲ್ಲಿ ನಲವತ್ತಾರು ಪರೀಕ್ಷೆಗಳಿದ್ದವು. ನಲವತ್ತೈದರಲ್ಲಿ ಬಲಗಣ್ಣಿನ ಗೆರೆ ಇಳಿದು ಏರಿತ್ತು. ಎಡಗಣ್ಣಿನದು ಅಡ್ಡಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ. ಕೊನೆಯದರಲ್ಲಿ, ಅಪಘಾತದ ದಿನದ್ದರಲ್ಲಿ ಮಾತ್ರ, ಎರಡು ಕಣ್ಣೂ ಕುಣಿದಿದ್ದವು.

"ಇಪ್ಪತ್ತೈದು ವರ್ಷ ಅಲುಗಾಡದ ಪಾಪೆ ಇವತ್ತು ಬೆಳಿಗ್ಗೆ ಸರಿ ಹೋಯ್ತೇನಮ್ಮ?"

ಹುಡುಗಿ ಕರ್ಚೀಫನ್ನು ಇನ್ನೊಂದು ಸುತ್ತು ತಿರುಚಿದಳು.

"ಎಡಗಣ್ಣು ಹೀಗಿದ್ದೂ ಇವನನ್ನು ಹೇಗೆ ಬಿಡ್ತಿದ್ದಿರಿ?"

"ಕಣ್ಣಿನ ಡಾಕ್ಟರ ಪತ್ರ ಇದೆ ಮೇಡಂ. ದೃಷ್ಟಿ ಚೆನ್ನಾಗಿದೆ, ಬಲಗಣ್ಣು ಮಾತ್ರ ಲೆಕ್ಕಕ್ಕೆ ತಗೊಳ್ಳಿ ಅಂತ. ಫೈಲಿನಲ್ಲಿದೆ."

ಪತ್ರ ಸಿಕ್ಕಿತು. ಕೆಳಗೆ ಮ್ಯಾನೇಜರ್ ಸಹಿಯೂ ಇತ್ತು, ಸುರಕ್ಷತಾ ಅಧಿಕಾರಿಯ ಸಹಿಯೂ ಇತ್ತು. ಇಬ್ಬರೂ ಓದದೆ ಗೀಚಿದ್ದರು ಅನ್ನುವುದು ಸಹಿಯ ಅವಸರದಲ್ಲೇ ಕಾಣುತ್ತಿತ್ತು.

ಇನ್‌ಸ್ಪೆಕ್ಟರ್ ಆ ದಿನದ ಪಟ್ಟಿ ತೆರೆಸಿದಳು. ಪ್ರತಿ ಪರೀಕ್ಷೆಗೆ ಯಂತ್ರ ತಾನೇ ಒಂದು ಸಂಖ್ಯೆ ಕೊಡುತ್ತಿತ್ತು. ಗಂಟೆ ಇರಲಿಲ್ಲ. ಒಂದು, ಎರಡು, ಮೂರು… ಹದಿನಾರರ ನಂತರ ಹದಿನೆಂಟು. ಹದಿನೇಳು ಇರಲಿಲ್ಲ. ಬೆಳಗಿನ ಪಾಳಿಗೆ ಇಪ್ಪತ್ತೆರಡೇ ಚಾಲಕರು. ಆದರೆ ಪಟ್ಟಿ ಇಪ್ಪತ್ತಮೂರರವರೆಗೆ ಹೋಗಿತ್ತು. ಇಪ್ಪತ್ತಮೂರರ ಎದುರಿಗಿದ್ದದ್ದು ಕೋಳ ತೊಟ್ಟು ಮಲಗಿದವನ ಹೆಸರು.

"ದಫೇದಾರ್ರೇ, ಗೇಟಿನ ಪುಸ್ತಕ ನೋಡಿ. ಇಪ್ಪತ್ತೆರಡನೇ ಚಾಲಕ ಹೊರಗೆ ಹೋದದ್ದು ಎಷ್ಟು ಹೊತ್ತಿಗೆ?"

"ಏಳು ಹತ್ತಕ್ಕೆ ಮೇಡಂ."

"ಬಸ್ಸು ಕಂಬಕ್ಕೆ ಬಡಿದದ್ದು ಆರು ನಲವತ್ತಕ್ಕೆ." ಇನ್‌ಸ್ಪೆಕ್ಟರ್ ಪರದೆಯ ಮೇಲೆ ಬೆರಳಿಟ್ಟಳು. "ಕಾಲು ಮುರಿದುಕೊಂಡು ಆಸ್ಪತ್ರೆಗೆ ಹೋಗಿದ್ದವನು ಅರ್ಧ ಗಂಟೆಯ ಮೇಲೆ ಇಲ್ಲಿ ಬಂದು ಕಣ್ಣು ತೋರಿಸಿ ಹೋದನಂತೆ!"

ಮ್ಯಾನೇಜರ್ ಮುಂದೆ ಬಾಗಿ ಪರದೆಯ ಸಂಖ್ಯೆಗಳನ್ನು ಮತ್ತೆ ಎಣಿಸಿದ. ಹುಡುಗಿಯ ಗಲ್ಲದ ಮೇಲೆ ನೀರು ಇಳಿಯಿತು. ಅವಳು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಳು.

"ಈ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ?"

"ನನ್ನ ಹತ್ತಿರ," ಎಂದ ಮ್ಯಾನೇಜರ್. "ಈ ಹುಡುಗಿ ಹತ್ತಿರ. ಸೇಫ್ಟಿ ಅಧಿಕಾರಿ ಹತ್ತಿರ."

*

ಕಣ್ಣಿನ ತಜ್ಞೆ ವಯಸ್ಸಾದ ಹೆಂಗಸು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಇದು ಯಾರ ಕಣ್ಣು ಅಂತ ಕೇಳಬೇಡಿ. ಗೆರೆ ನೋಡಿ ಹೆಸರು ಹೇಳೋಕಾಗಲ್ಲ. ಯಾರದಲ್ಲ ಅಂತ ಹೇಳಬಲ್ಲೆ."

"ಅಷ್ಟೇ ಹೇಳಿ ಡಾಕ್ಟ್ರೇ."

"ಮೂವತ್ತನಾಲ್ಕರವನದಲ್ಲ. ಹುಡುಗಿಯದೂ ಅಲ್ಲ. ಕತ್ತಲಲ್ಲಿ ಇಟ್ಟಾಗಲೇ ಪಾಪೆ ಇಷ್ಟು ಚಿಕ್ಕದಿದೆ ನೋಡಿ. ಎಳೆಯ ಕಣ್ಣಾಗಿದ್ದರೆ ಕತ್ತಲಲ್ಲಿ ಅಗಲವಾಗಿ ಅರಳುತ್ತೆ. ವಯಸ್ಸಾದ ಹಾಗೆ ಅದು ಕುಗ್ಗುತ್ತಾ ಬರುತ್ತೆ. ಐವತ್ತು ದಾಟಿದವರು ಯಾರೋ."

ಇಬ್ಬರು ಉಳಿದರು. ಅಬ್ಬರದವನು, ಮೆತ್ತಗಿನವನು.

ಸಂಜೆ ಇನ್‌ಸ್ಪೆಕ್ಟರ್ ಇಬ್ಬರಿಗೂ ಬೇರೆ ಬೇರೆಯಾಗಿ ಫೋನು ಮಾಡಿದಳು. ಒಂದೇ ಮಾತು. "ನಾಳೆ ಹತ್ತು ಗಂಟೆಗೆ ಡಿಪೋದ ಎಲ್ಲರ ಕಣ್ಣನ್ನೂ ಆ ಯಂತ್ರಕ್ಕೆ ಹಿಡಿಸ್ತೀನಿ. ನೀವೂ ಬರಬೇಕು. ಈಗಲೇ ಯಾರಿಗೂ ಹೇಳಬೇಡಿ."

ಮ್ಯಾನೇಜರ್ ಕಿರುಚಾಡಿದ. ಸುರಕ್ಷತಾ ಅಧಿಕಾರಿ "ಖಂಡಿತ ಮೇಡಂ, ಸತ್ಯ ಹೊರಗೆ ಬರಲಿ," ಎಂದ.

*

ಮರುದಿನ ಹತ್ತು ಗಂಟೆಗೆ ಡಿಪೋದ ಅಂಗಳದಲ್ಲಿ ಚಾಲಕರು, ಮೆಕ್ಯಾನಿಕ್‌ಗಳು ಸಾಲಾಗಿ ನಿಂತಿದ್ದರು. ಕಣ್ಣಿನ ತಜ್ಞೆಯೂ ಬಂದಿದ್ದಳು. ಗೇಟಿನಾಚೆ ಕಾರ್ಖಾನೆಯ ಹೆಂಗಸರು. ಯಾರೂ ಕರೆದಿರಲಿಲ್ಲ. ಕೆಲವರ ಹಣೆಗೆ ಪಟ್ಟಿ ಇತ್ತು.

ಮ್ಯಾನೇಜರ್ ಬೈದುಕೊಂಡೇ ಬಂದು, ಬೈದುಕೊಂಡೇ ಯಂತ್ರಕ್ಕೆ ಮುಖ ಇಟ್ಟ. ಅವನ ಗೆರೆಯಲ್ಲಿ ಬಲಗಣ್ಣು ಎಡಗಣ್ಣಿಗಿಂತ ತಡವಾಗಿ ಇಳಿದಿತ್ತು. ಹಳೆಯ ಪೊರೆ ಶಸ್ತ್ರಚಿಕಿತ್ಸೆಯದು ಎಂದಳು ತಜ್ಞೆ. ಹಾಳೆಯ ಗೆರೆಗೆ ಹೊಂದಲಿಲ್ಲ.

ಸುರಕ್ಷತಾ ಅಧಿಕಾರಿ ಕಾರಿನಿಂದ ಇಳಿದ. ಬಿಸಿಲಿಗೆ ಕೈ ಅಡ್ಡ ಹಿಡಿದ. ಮೆಟ್ಟಿಲನ್ನು ಕಾಲಿನಲ್ಲಿ ತಡವಿ ಹತ್ತಿದ.

"ಬನ್ನಿ ಸಾರ್. ಮೊದಲು ಈ ಒಪ್ಪಿಗೆ ಪತ್ರ ಓದಿ ಸಹಿ ಹಾಕಿ," ಎಂದಳು ಇನ್‌ಸ್ಪೆಕ್ಟರ್.

ಅವನು ಕನ್ನಡಕ ಹಾಕಿಕೊಂಡ. ಕಾಗದವನ್ನು ಹತ್ತಿರ ಹಿಡಿದ, ದೂರ ಹಿಡಿದ. ಕೊನೆಗೆ ಸುಮ್ಮನೆ ಸಹಿ ಹಾಕಿದ.

"ಏನು ಬರೆದಿದೆ ಸಾರ್ ಅದರಲ್ಲಿ?"

"ಒಪ್ಪಿಗೆ… ಪರೀಕ್ಷೆಗೆ ಒಪ್ಪಿಗೆ."

"ಇಲ್ಲ. ಅದು ನಮ್ಮ ಠಾಣೆಯ ಮೇಜು ಕುರ್ಚಿಗಳ ಪಟ್ಟಿ."

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಇನ್‌ಸ್ಪೆಕ್ಟರ್ ನಗಲಿಲ್ಲ. ಟಾರ್ಚನ್ನು ಅವನ ಕಣ್ಣಿಗೆ ಬಿಟ್ಟಳು. ಎರಡು ಪಾಪೆಗಳೂ ನಾಣ್ಯದ ಹಾಗೆ ಅರಳಿಕೊಂಡಿದ್ದವು. ಒಂದೂ ಕುಗ್ಗಲಿಲ್ಲ.

"ಬೆಳಿಗ್ಗೆ ಕಣ್ಣು ತೋರಿಸಿಕೊಳ್ಳೋಕೆ ಹೋಗಿದ್ದೆ," ಎಂದ ಅವನು. "ಪಾಪೆ ಅರಳಿಸೋ ಹನಿ ಹಾಕಿದರು. ಮೊದಲೇ ಗೊತ್ತುಮಾಡಿಕೊಂಡಿದ್ದ ದಿನ. ಏನು ಮಾಡಲಿ?"

"ಯಾವಾಗ ಗೊತ್ತುಮಾಡಿಕೊಂಡಿದ್ದು?"

"ಹೋದ ವಾರ."

ದಫೇದಾರ ಕೆಮ್ಮಿದ. "ಆ ಕ್ಲಿನಿಕ್ಕಿನಿಂದಲೇ ಬರ್ತಿದ್ದೀನಿ ಸಾರ್. ನಿಮ್ಮ ಕಾರಿನ ಹಿಂದೆಯೇ ಇದ್ದೆ. ಬಾಗಿಲು ತೆಗೆಯೋ ಮುಂಚೆ ಹೋಗಿ ಕೂತಿದ್ದಿರಿ. ಮುಂಚೆ ಹೆಸರು ಬರೆಸದೆ ಬಂದವರು ಅಂತ ಅವರೇ ಹೇಳಿದರು. ದೃಷ್ಟಿ ನೋಡೋದು ಬೇಡ, ಹನಿ ಮೊದಲು ಹಾಕಿ ಅಂದಿರಂತೆ."

ಅಧಿಕಾರಿ ಕನ್ನಡಕ ತೆಗೆದು ಜೇಬಿಗಿಟ್ಟ.

"ಹನಿ ಹಾಕಿಸಿಕೊಂಡರೆ ಗೆರೆ ಬರಲ್ಲ, ಹೋಲಿಸೋಕಾಗಲ್ಲ ಅಂದುಕೊಂಡಿರಿ," ಎಂದಳು ಇನ್‌ಸ್ಪೆಕ್ಟರ್. "ಹೋಲಿಸೋಕೆ ನನಗೆ ನಿಮ್ಮ ಇವತ್ತಿನ ಕಣ್ಣು ಬೇಕಾಗಿಲ್ಲ. ಯಂತ್ರ ಬಂದ ದಿನ ಎಲ್ಲರ ಎದುರು ಭಾಷಣ ಮಾಡಿ ಮೊದಲು ಮುಖ ಇಟ್ಟವರು ನೀವೇ. ಆ ಪರೀಕ್ಷೆ ಅದರ ಹೊಟ್ಟೆಯಲ್ಲೇ ಇದೆ. ನಿನ್ನೆಯೇ ತೆಗೆದು ಡಾಕ್ಟರಿಗೆ ಕೊಟ್ಟೆ."

ತಜ್ಞೆ ಎರಡು ಹಾಳೆ ಎತ್ತಿ ಹಿಡಿದಳು. "ಅಪರಾಧಿ ಇವರೇ ಅಂತ ಗೆರೆ ನೋಡಿ ನಾನು ಪ್ರಮಾಣ ಮಾಡಲ್ಲ. ಆದರೆ ಎರಡರಲ್ಲೂ ಅಳತೆ ಒಂದೇ. ಮತ್ತೊಂದು ವಿಷಯ. ಬೇರೆ ಬೇರೆ ಹನ್ನೊಂದು ಜನ ಚಾಲಕರ ಹೆಸರಿನಲ್ಲೂ ಇದೇ ಗೆರೆ ಇದೆ. ಹನ್ನೊಂದು ಜನರ ಕಣ್ಣು ಒಂದೇ ಥರ, ಒಂದೇ ವಯಸ್ಸಿನದು ಇರೋಕೆ ಸಾಧ್ಯವೇ ಇಲ್ಲ."

ಗೇಟಿನ ಹುಡುಗಿ ಸಾಲಿನಿಂದ ಹೊರಗೆ ಬಂದಳು.

"ನಾನು ಹೇಳ್ತೀನಿ ಮೇಡಂ. ಕೆಂಪು ಬಂದಾಗೆಲ್ಲ ಸೇಫ್ಟಿ ಸಾರ್ ಬಂದು ಚಾಲಕನನ್ನು ಹೊರಗೆ ಕಳಿಸೋರು. ಅವನ ನಂಬರು ಒತ್ತಿಸಿ ತಮ್ಮ ಮುಖ ಇಡೋರು. ಹಸಿರು ಬರೋದು. ಹಳೇದನ್ನು ಅಳಿಸು ಅನ್ನೋರು. ನಿನ್ನೆ ಆ ಚಾಲಕ ಅಣ್ಣನಿಗೆ ಕೆಂಪು ಬಂತು ಅಂತ ಹೋಗಿ ಹೇಳಿದೆ. ಇವರಿಗೆ ಅವಸರ. ಕಳಿಸು, ಆಮೇಲೆ ನೋಡ್ಕೋತೀನಿ ಅಂದರು. ಆರು ಐವತ್ತಕ್ಕೆ ಅಪಘಾತದ ಫೋನು ಬಂತು. ಉಳಿದವರೆಲ್ಲ ಹೋಗೋ ತನಕ ಕಾದು, ಆಮೇಲೆ ಬಂದು ಕೂತು ಕಣ್ಣಿಟ್ಟರು."

"ನಿನ್ನೆ ಯಾಕೆ ಹೇಳಲಿಲ್ಲ?"

"ಗುಂಡಿ ಒತ್ತಿದ ಬೆರಳು ನಿಂದು, ಅಳಿಸಿದ್ದೂ ನೀನೇ, ಜೈಲಿಗೆ ಹೋಗೋಳೂ ನೀನೇ ಅಂದರು ಮೇಡಂ."

ಇನ್‌ಸ್ಪೆಕ್ಟರ್ ಅಧಿಕಾರಿಯ ಕಡೆ ತಿರುಗಿದಳು. ಇಲ್ಲಿಯವರೆಗೆ ಹಿಡಿದಿದ್ದ ಕೋಪ ಈಗ ಅವಳ ಮುಖಕ್ಕೆ ಬಂತು.

"ಇಲ್ಲಿಂದ ಆ ಕಂಬಕ್ಕೆ ಹತ್ತು ನಿಮಿಷದ ದಾರಿ. ಆರು ಐವತ್ತಕ್ಕೆ ಸುದ್ದಿ ತಿಳಿದ ನೀವು ಬಂದದ್ದು ಏಳೂ ಮುಕ್ಕಾಲಿಗೆ. ಹೆಂಗಸರು ಗಾಜಿನ ಮೇಲೆ ಬಿದ್ದು ಒದ್ದಾಡ್ತಿದ್ದಾಗ ನೀವು ಇಲ್ಲಿ ಕೂತು ನಿಮ್ಮ ಕಣ್ಣನ್ನು ಅವನ ಹೆಸರಿಗೆ ಬರೀತಿದ್ದಿರಿ. ಅವನಿಗೆ ಕೆಂಪು ಬಂದ ಹದಿನೇಳನೇ ಪರೀಕ್ಷೆಯನ್ನು ಈ ಹುಡುಗಿ ಕೈಲಿ ಅಳಿಸಿದಿರಿ. ಯಂತ್ರ ಇಪ್ಪತ್ತಮೂರು ಅಂತ ಕೊಟ್ಟ ಸಂಖ್ಯೆಯನ್ನು ನೋಡೋ ತಾಳ್ಮೆಯೂ ಇರಲಿಲ್ಲ. ಅವನ ಎಡಗಣ್ಣಿನ ಪತ್ರಕ್ಕೆ ಸಹಿ ಹಾಕುವಾಗ ಓದಿರಲಿಲ್ಲ. ಒಬ್ಬನಿಗೆ ಜೈಲು ಗಟ್ಟಿ ಮಾಡಿದ ಮೇಲೆ ಬಂದು ಶಾಲು ಹೊದಿಸಿದಿರಿ!"

"ನನಗೆ ಇನ್ನು ಎರಡು ವರ್ಷ ನೌಕರಿ," ಅಧಿಕಾರಿ ಮೆತ್ತಗೆ ಹೇಳಿದ. "ಈ ಯಂತ್ರ ತರಿಸಿದ್ದೇ ನಾನು. ಕೆಂಪು ಬಂದವರನ್ನೆಲ್ಲ ನಿಲ್ಲಿಸಿದರೆ ಬಸ್ಸು ಓಡಿಸೋರು ಯಾರು? ಮೇಲಿನವರು ಬಸ್ಸೂ ನಿಲ್ಲಬಾರದು, ಕೆಂಪೂ ಬರಬಾರದು ಅಂತಾರೆ. ಕೆಟ್ಟದಾಗಲಿ ಅಂತ ಮಾಡಲಿಲ್ಲ ಮೇಡಂ."

"ಇನ್ನೊಬ್ಬ ಚಾಲಕ ಬೇಕು ಅಂತ ಮೇಲಿನವರನ್ನು ಕೇಳಬಹುದಿತ್ತು. ಈ ಚಾಲಕ ಹೋಗಲ್ಲ ಅಂದಾಗ ಮಲಗೋಕೆ ಬಿಡಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು! ದಫೇದಾರ್ರೇ, ಕರಕೊಂಡು ಹೋಗಿ."

ಮ್ಯಾನೇಜರ್ ಮೆಲ್ಲಗೆ ಕೋಣೆಯೊಳಗೆ ಜಾರುತ್ತಿದ್ದ.

"ನೀವೆಲ್ಲಿಗೆ? ಆ ಚಾಲಕನಿಗೆ ಮೂರು ಪಾಳಿ ಬರೆದ ಪಟ್ಟಿಯಲ್ಲಿ ನಿಮ್ಮ ಸಹಿ ಇದೆ. ಜೀಪಿನಲ್ಲಿ ಇಬ್ಬರಿಗೂ ಜಾಗ ಇದೆ."

ಗೇಟಿನಾಚೆ ಹೆಂಗಸರು ದಾರಿ ಬಿಟ್ಟರು. ಯಾರೂ ಕೂಗಲಿಲ್ಲ, ಯಾರೂ ಕಲ್ಲು ಎತ್ತಲಿಲ್ಲ. ಹಣೆಗೆ ಪಟ್ಟಿ ಕಟ್ಟಿದ್ದ ಒಬ್ಬಳು ಮಾತ್ರ ಜೀಪಿನ ಸರಳು ಹಿಡಿದು ಕೇಳಿದಳು: "ಆ ಹನ್ನೊಂದು ಜನಕ್ಕೆ ಕೆಂಪು ಬಂದ ದಿನ ನಾವು ಯಾವ ಬಸ್ಸಿನಲ್ಲಿದ್ವಿ ಸಾರ್?"

ಹನಿ ಹಾಕಿಸಿಕೊಂಡಿದ್ದ ಅಧಿಕಾರಿಗೆ ಅವಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

*

ಮಧ್ಯಾಹ್ನ ಇನ್‌ಸ್ಪೆಕ್ಟರ್ ತಾನೇ ಹೋಗಿ ಕೋಳ ಬಿಚ್ಚಿದಳು. ಚಾಲಕ ಮಣಿಕಟ್ಟು ಉಜ್ಜಿಕೊಂಡ. ಎಲ್ಲವನ್ನೂ ಕೇಳಿಸಿಕೊಂಡ. ಅವನ ಮುಖ ಸಡಿಲವಾಗಲಿಲ್ಲ.

"ಸ್ಟೀರಿಂಗು ಹಿಡಿದಿದ್ದು ನಾನೇ ಅಲ್ವಾ ಮೇಡಂ? ಇನ್ನೂ ಗಟ್ಟಿಯಾಗಿ ಹೋಗಲ್ಲ ಅನ್ನಬೇಕಿತ್ತು."

ಇನ್‌ಸ್ಪೆಕ್ಟರ್ ಕೋಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವನ ಅಕ್ಕ ಮಂಚದ ಅಂಚಿಗೆ ಸರಿದು ಕೂತಳು.

"ನೀನು ಹೇಳಿದೆ ಕಣೋ," ಎಂದಳು. "ಕೇಳೋ ಕಿವಿ ಅಲ್ಲಿರಲಿಲ್ಲ. ಅದನ್ನ ಕೋರ್ಟಿನಲ್ಲಿ ನಿಂತು ಇನ್ನೊಂದು ಸಲ ಹೇಳು. ಆ ಇಬ್ಬರು ಹೆಣ್ಣುಮಕ್ಕಳ ಮನೆಯವರು ಕೂತಿರ್ತಾರಲ್ಲ, ಅವರ ಮುಖ ನೋಡಿಕೊಂಡು ಹೇಳು."

ಅವನು ಹಾಸಿಗೆಯ ಮೇಲೆ ಮೊಣಕೈ ಊರಿ ಎದ್ದು ಕೂತು, ಹೇಳಿಕೆ ಬರೆದುಕೊಳ್ಳಿ ಮೇಡಂ ಎಂದ.